ಕಣ್ಣು ಮುಚ್ಚಿದ ಮ್ಯಾಲೆ ಏನ್ ನೆನಸಬೇಕ್ರಿ?

2022ರ ನವೆಂಬರ್ ಮೊದಲ ವಾರದಲ್ಲಿ ಆಗಿನ ಶಿಕ್ಷಣ ಸಚಿವ ಬಿ.ಸಿ. ನಾಗೇಶ್ ಅವರು ರಾಜ್ಯದ ಶಾಲೆ, ಪಿಯು ಕಾಲೇಜುಗಳಲ್ಲಿ ದಿನಾ ಹತ್ತು ನಿಮಿಷ ಧ್ಯಾನ ಮಾಡಿಸಬೇಕು ಅಂದರು. ಮಕ್ಕಳ ಏಕಾಗ್ರತೆ ಹೆಚ್ಚಲಿ, ಒತ್ತಡ ಕಡಿಮೆಯಾಗಲಿ ಅನ್ನುವುದು ಕಾರಣ. ಇದು ಹಿಂದಿನ ಬಾಗಿಲಿನಿಂದ ಧರ್ಮ ತರುವ ದಾರಿ ಎಂದು ಕೆಲವರು ಸಿಟ್ಟಾದರು. "ಕಣ್ಣ ಮುಚ್ಚಿ ಕುಂದ್ರೋದ್ರಾಗ ಎಂಥಾ ಧರ್ಮಾರೀ?" ಅಂತ ಇನ್ನು ಕೆಲವರು ನಕ್ಕರು. ಮರುವರ್ಷ ಸರ್ಕಾರ ಬದಲಾಯಿತು, ಮಾತು ತಣ್ಣಗಾಯಿತು. ಆದರೆ ಆ ನಕ್ಕವರ ಪ್ರಶ್ನೆ ನನಗೆ ಇನ್ನೂ ಬಿಟ್ಟಿಲ್ಲ. ಯಾಕಂದರೆ ನಮ್ಮ ಕಡೆ, ಅಂದರೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯಲ್ಲಿ, ಕಣ್ಣು ಮುಚ್ಚಿ ಕೂಡುವುದು ಯಾವತ್ತೂ ಬರೀ ಕಣ್ಣು ಮುಚ್ಚಿ ಕೂಡುವುದಾಗಿರಲಿಲ್ಲ.

ಗುರುದೇವ ರಾನಡೆಯವರನ್ನೇ ತಗೊಳ್ರಿ. 1886ರಲ್ಲಿ ಜಮಖಂಡಿಯಲ್ಲಿ ಹುಟ್ಟಿದವರು. ಮುಂದೆ ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರದ ಪ್ರಾಧ್ಯಾಪಕರಾದರು, ಉಪನಿಷತ್ತುಗಳ ಮೇಲೆ ದೊಡ್ಡ ಗ್ರಂಥ ಬರೆದರು, ಕೊನೆಗೆ ವಿಜಯಪುರ ಜಿಲ್ಲೆಯ ನಿಂಬಾಳದಲ್ಲಿ ನೆಲೆ ನಿಂತು 1957ರಲ್ಲಿ ಅಲ್ಲೇ ದೇಹ ಬಿಟ್ಟರು. ಅವರಿಗೆ ಧ್ಯಾನ ಸಿಕ್ಕಿದ್ದು ಶಾಲೆಗೆ ಹೋಗುವ ವಯಸ್ಸಿನಲ್ಲೇ, 1901ರಲ್ಲಿ. ಆದರೆ ಕೊಟ್ಟದ್ದು ಶಾಲೆಯಲ್ಲ. ಇಂಚಗೇರಿ ಸಂಪ್ರದಾಯದ ಭಾವುಸಾಹೇಬ ಮಹಾರಾಜರು ಕೊಟ್ಟರು. ಆ ಸಂಪ್ರದಾಯದಲ್ಲಿ ಧ್ಯಾನ ಅಂದರೆ ಗುರು ಕೊಟ್ಟ ನಾಮದ ಸ್ಮರಣೆ. ಗುರು ಇಲ್ಲ, ನಾಮ ಇಲ್ಲ ಅಂದರೆ ಧ್ಯಾನವೂ ಇಲ್ಲ.

ಲಿಂಗವಂತರ ಮನೆಯಲ್ಲಿ ನೋಡಿದರೆ ಅಂಗೈಯಲ್ಲಿ ಇಷ್ಟಲಿಂಗ, ಅದರ ಮೇಲೆ ನೆಟ್ಟ ದೃಷ್ಟಿ. ಅಲ್ಲಿ ಕಣ್ಣು ತೆರೆದೇ ಇರುತ್ತದೆ. ದರ್ಗಾದ ಮಂದಿಗೆ ಜಿಕ್ರ್ ಇದೆ. ಬನಹಟ್ಟಿಯ ನಮ್ಮ ಓಣಿಯ ಹಿರಿಯ ನೇಕಾರರೊಬ್ಬರು, "ಕೈಮಗ್ಗದ ಮುಂದ ಕುಂತ್ರ ಅದ ಧ್ಯಾನ ನೋಡೋ ತಮ್ಮಾ, ಪಾವರ್‌ಲೂಮ್ ಬಂದು ಅದನ್ನ ಕೆಡಿಸ್ತು" ಅಂತಿದ್ದರು. ಇವರೆಲ್ಲರೂ ಒಂದೇ ಶಬ್ದ ಬಳಸಿದರೂ ಒಳಗಿನ ಸರಕು ಬೇರೆ ಬೇರೆ. ಒಳಗೆ ಏನೂ ಸರಕು ಇಲ್ಲದ ಧ್ಯಾನ ಅನ್ನುವುದು ನಮ್ಮೂರಿಗೆ ಇತ್ತೀಚೆಗೆ ಬಂದ ಮಾಲು.

ಈ ತಕರಾರು ಅಮೆರಿಕದ ಕೋರ್ಟುಗಳಲ್ಲೂ ನಡೆದಿದೆ. ನ್ಯೂಜೆರ್ಸಿಯ ಸರ್ಕಾರಿ ಶಾಲೆಗಳಲ್ಲಿ ಮಹೇಶ್ ಯೋಗಿಯವರ ಅತೀಂದ್ರಿಯ ಧ್ಯಾನ ಕಲಿಸುತ್ತಿದ್ದರು. ವಿಜ್ಞಾನ ಅಂತಲೇ ಹೇಳುತ್ತಿದ್ದರು. ಆದರೆ ಮಂತ್ರ ಪಡೆಯಲು ಹುಡುಗರು ಒಂದು ಪೂಜೆಗೆ ಹೋಗಬೇಕಿತ್ತು. ಗುರುವಿನ ಚಿತ್ರ, ಹಣ್ಣು, ಹೂ, ಸಂಸ್ಕೃತದ ಪಠಣ ಎಲ್ಲ ಇತ್ತು. 1977ರಲ್ಲಿ ಕೆಳ ಕೋರ್ಟು, 1979ರಲ್ಲಿ ಮೇಲ್ಮನವಿ ಕೋರ್ಟು ಇದು ಧರ್ಮವೇ ಹೌದು ಅಂದವು. ಕ್ಯಾಲಿಫೋರ್ನಿಯಾದ ಎನ್ಸಿನಿಟಾಸ್‌ನಲ್ಲಿ ಮಾತ್ರ ಶಾಲೆಯವರು ಯೋಗದ ಸಂಸ್ಕೃತ ಹೆಸರು ತೆಗೆದುಹಾಕಿದರು. ಪದ್ಮಾಸನಕ್ಕೆ ನಮ್ಮ ಚಕ್ಕಳಮಕ್ಕಳದಂಥ ಒಂದು ಮಕ್ಕಳ ಹೆಸರಿಟ್ಟರು. 2015ರಲ್ಲಿ ಅಲ್ಲಿನ ಕೋರ್ಟು ಇದು ಧರ್ಮವಲ್ಲ ಅಂದಿತು. ಸರಿ, ಕಾನೂನಿಗೆ ಅಷ್ಟು ಸಾಕು. ಆದರೆ ಗುರುವನ್ನೂ ನಾಮವನ್ನೂ ತೆಗೆದಮೇಲೆ ಉಳಿದದ್ದನ್ನು ಉಸಿರಾಟ ಅನ್ನಬಹುದಲ್ಲ, ಧ್ಯಾನ ಅಂತ ಹೆಸರು ಯಾಕೆ ಬೇಕು? ಹೆಸರು ಬೇಕು ಅನ್ನುವವರಿಗೆ ಸರಕೂ ಬೇಕಾಗಿರುತ್ತದೆ ಅಂತ ನನ್ನ ಗುಮಾನಿ.

ನಮ್ಮ ಸಂವಿಧಾನದ 28ನೇ ವಿಧಿ ಈ ವಿಷಯದಲ್ಲಿ ಸ್ಪಷ್ಟ. ಪೂರ್ತಿ ಸರ್ಕಾರದ ದುಡ್ಡಲ್ಲಿ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಇಲ್ಲ. ಮಾನ್ಯತೆ ಇಲ್ಲವೇ ಅನುದಾನ ಪಡೆದ ಶಾಲೆಯಲ್ಲಿ ಅಂಥ ಬೋಧನೆಗೆ, ಪೂಜೆಗೆ ಯಾರನ್ನೂ ಒಪ್ಪಿಗೆಯಿಲ್ಲದೆ ಕೂಡಿಸುವಂತಿಲ್ಲ. ಮಕ್ಕಳಾದರೆ ಪಾಲಕರ ಒಪ್ಪಿಗೆ ಬೇಕು. ಹಾಗಾದರೆ ಯಾವುದು ಧರ್ಮ ಅಂತ ಹೇಳುವವರು ಯಾರು? ಅದೇ 2022ರ ಮಾರ್ಚ್‌ನಲ್ಲಿ ಹಿಜಾಬ್ ತಮ್ಮ ಧರ್ಮ ಅಂದ ಹುಡುಗಿಯರಿಗೆ, ಅದು ಅತ್ಯಗತ್ಯ ಧಾರ್ಮಿಕ ಆಚರಣೆಯಲ್ಲ ಅಂತ ಹೈಕೋರ್ಟು ಹೇಳಿತು. ಎಂಟು ತಿಂಗಳ ನಂತರ ಧ್ಯಾನ ಧರ್ಮವಲ್ಲ, ಏಕಾಗ್ರತೆ ಅಂತ ಸರ್ಕಾರ ಹೇಳಿತು. ಎರಡರಲ್ಲೂ ಹೆಸರಿಡುವ ಅಧಿಕಾರ ಮೇಲೆ ಕೂತವರ ಕೈಯಲ್ಲೇ ಇತ್ತು. ಬೆಂಚಿನ ಮೇಲೆ ಕೂತ ಮಗುವಿಗೆ ಅದು ಏನಾಗಿತ್ತು ಅನ್ನುವುದು ಎಲ್ಲೂ ತೂಕಕ್ಕೆ ಬರಲಿಲ್ಲ.

ಸುಪ್ರೀಂ ಕೋರ್ಟು ಒಮ್ಮೆ ಅದನ್ನು ತೂಕಕ್ಕೆ ತಂದಿತ್ತು. ಕೇರಳದ ಬಿಜೋ ಇಮ್ಯಾನುಯೆಲ್ ಪ್ರಕರಣ, 1986. ಯೆಹೋವನ ಸಾಕ್ಷಿಗಳ ಪಂಥದ ಮೂವರು ಮಕ್ಕಳು ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ಶಾಲೆ ಹೊರಹಾಕಿತ್ತು, ಕೋರ್ಟು ವಾಪಸ್ ಸೇರಿಸಿತು. ಮಕ್ಕಳು ಮೌನವಾಗಿ ನಿಂತದ್ದೇ ಸಾಕಿತ್ತು, ಒಳಗೇನಿದೆ ಅಂತ ಯಾರೂ ತಡಕಬೇಕಾಗಿರಲಿಲ್ಲ.

"ಸಾಲ್ಯಾಗ ಸರಸ್ವತಿ ಪೂಜಿ ನಡೀತೈತಿ, ಕಾಯಿ ಒಡೀತಾರ, ಅದಕ್ಕಿಲ್ಲದ ತಕರಾರು ಇದಕ್ಯಾಕ?" ಅಂತ ಗೆಳೆಯನೊಬ್ಬ ಕೇಳಿದ. ಒಳ್ಳೇ ಪ್ರಶ್ನೆ. ಆ ಪೂಜೆಗೂ ನನ್ನ ತಕರಾರು ಇದೆ. ಆದರೆ ಪೂಜೆಯ ಗದ್ದಲದಲ್ಲಿ ಮಗು ಹಿಂದಿನ ಸಾಲಿನಲ್ಲಿ ನಿಂತು ಗೆಳೆಯನ ಅಂಗಿ ಜಗ್ಗಬಹುದು, ಮನಸ್ಸಿನೊಳಗೆ ತನಗೆ ಬೇಕಾದಲ್ಲಿ ಇರಬಹುದು. ಧ್ಯಾನದ ಆದೇಶ ಹೋಗುವುದೇ ಆ ಒಳಗಿನ ಜಾಗಕ್ಕೆ. ಅಲ್ಲಿ ಹಿಂದಿನ ಸಾಲು ಇಲ್ಲ.

ಆದೇಶ ಬೆಂಗಳೂರಿನಲ್ಲಿ ಹುಟ್ಟುವಾಗ ಎಷ್ಟೇ ಸಪ್ಪಗಿದ್ದರೂ ಬೀಳಗಿಯ ಮೂರನೇ ಇಯತ್ತೆಯಲ್ಲಿ ಒಬ್ಬ ಹುಡುಗ ಕೇಳಿಯೇ ಕೇಳುತ್ತಾನೆ: "ಸರ, ಕಣ್ಣ ಮುಚ್ಚಿ ಏನ್ ನೆನಸಬೇಕ್ರಿ?" ಮಾಸ್ತರರು ಏನಾದರೂ ಹೇಳಲೇಬೇಕು. ನಮ್ಮ ಕಡೆ ಬಾಯಿಗೆ ಮೊದಲು ಬರುವ ಉತ್ತರ "ದೇವರನ್ನ ನೆನಿ" ಅಂತ. ಮುಂದಿನ ಪ್ರಶ್ನೆ ಯಾವ ದೇವರು ಅಂತ. "ಏನೂ ನೆನಸಬ್ಯಾಡ" ಅಂದರೂ ಅದೂ ಒಂದು ಪಂಥದ ಮಾತೇ. ನನ್ನ ಕೇಳಿದರೆ ಮಾಸ್ತರರು ಇಷ್ಟು ಹೇಳಿದರೆ ಸಾಕು: "ಹತ್ತು ನಿಮಿಷ ಸುಮ್ಮನ ಕುಂದರ್ರಿ. ಬೇಕಾದ್ರ ಕಣ್ಣ ಮುಚ್ಚರಿ, ಇಲ್ಲಾಂದ್ರ ಕಿಟಕಿ ಹೊರಗ ಕಬ್ಬಿನ ಗಾಡಿ ಎಣಸ್ರಿ." ಹಂಗಾಮಿನಲ್ಲಿ ಅವು ನಮ್ಮ ರಸ್ತೆಗಳಲ್ಲಿ ಬೇಕಾದಷ್ಟು ಸಿಗುತ್ತವೆ.