ಹಿಡಿದು ಬಿಡುವುದು ದಯೆಯೇ?

ಮೀನು ಹಿಡಿಯುವವನು ತಿನ್ನುವುದಕ್ಕಾಗಿ ಹಿಡಿಯುತ್ತಾನೆ, ಇಲ್ಲವೇ ಮಾರುವುದಕ್ಕಾಗಿ ಹಿಡಿಯುತ್ತಾನೆ. ಕರಾವಳಿಯ ಕಡೆಯಿಂದ ಬಂದು ವಾಳೂಜಿನ ಕಾರ್ಖಾನೆಗಳ ನೆರಳಿನಲ್ಲಿ ಸಂಸಾರ ಹೂಡಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಹಿಡಿದ ಮೀನನ್ನು ಮತ್ತೆ ನೀರಿಗೇ ಬಿಡುವುದಕ್ಕಾಗಿ ಕೈತುಂಬ ಹಣ ಖರ್ಚು ಮಾಡಿ, ದೇಶ ದಾಟಿ ಹೋಗಿ, ಬಿಸಿಲಿನಲ್ಲಿ ಬೆಂದು ಬರುವ ಜನರೂ ಈ ಜಗತ್ತಿನಲ್ಲಿ ಬಹಳ ಮಂದಿ ಇದ್ದಾರೆ. ತಾವು ಮೀನನ್ನು ಕೊಲ್ಲುವುದಿಲ್ಲ, ಆದುದರಿಂದ ತಮ್ಮದು ದಯೆಯ ಆಟ ಎಂದು ಅವರಲ್ಲಿ ಅನೇಕರು ನಂಬುತ್ತಾರೆ. ಈ ನಂಬಿಕೆ ಎಷ್ಟರ ಮಟ್ಟಿಗೆ ನಿಲ್ಲುತ್ತದೆ ಎಂಬುದು ಇಲ್ಲಿಯ ವಿಚಾರ.

ಆಟದ ಸ್ವರೂಪವನ್ನು ಮೊದಲು ತಿಳಿಯೋಣ. ಅಮೆರಿಕದ ಫ್ಲಾರಿಡಾ ಮತ್ತು ಬಹಾಮಾ ದ್ವೀಪಗಳ ಸುತ್ತ ಕಡಲು ಕೆಲವು ಕಡೆ ಮೈಲಿಗಟ್ಟಲೆ ಮೊಣಕಾಲುದ್ದದ ತಿಳಿನೀರಾಗಿ ಹರಡಿಕೊಂಡಿರುತ್ತದೆ. ಭರತದ ಹೊತ್ತಿಗೆ ಮೀನುಗಳು ಏಡಿ, ಸಿಗಡಿಗಳನ್ನು ಹುಡುಕುತ್ತ ಆ ಹರವಿಗೆ ಬರುತ್ತವೆ. ಒಬ್ಬನೇ ಕೂರುವ ಕಯಾಕ್ ಎಂಬ ಕಿರುದೋಣಿಯಲ್ಲಿ ಆಟಗಾರ ಸದ್ದಿಲ್ಲದೆ ಹುಟ್ಟು ಹಾಕುತ್ತ ಮೀನನ್ನು ಕಣ್ಣಿನಿಂದಲೇ ಅರಸುತ್ತಾನೆ. ಗಾಳಕ್ಕೆ ಎರೆಹುಳು ಚುಚ್ಚುವುದಿಲ್ಲ. ಗರಿ, ರೋಮ, ನೂಲುಗಳನ್ನು ಸುತ್ತಿ ಸಿಗಡಿಯಂತೆ ತೋರುವ ಹುಸಿ ಎರೆಯನ್ನು ಕಟ್ಟಿರುತ್ತಾರೆ. ಅದಕ್ಕೆ ತೂಕವೇ ಇಲ್ಲದ ಕಾರಣ, ದಪ್ಪನೆಯ ದಾರದ ತೂಕದಿಂದಲೇ ಅದನ್ನು ಬೀಸಿ ಬೀಸಿ ಎಸೆಯಬೇಕು. ಇದನ್ನೇ ಫ್ಲೈ ಫಿಶಿಂಗ್ ಎನ್ನುತ್ತಾರೆ. ಹೀಗೆ ಸಿಕ್ಕ ಬೋನ್‌ಫಿಶ್ ಎಂಬ ಮೀನು ದಾರವನ್ನು ಎಳೆದುಕೊಂಡು ಮಿಂಚಿನಂತೆ ಓಡುತ್ತದೆ. ದಣಿದ ಮೇಲೆ ಅದನ್ನು ಹತ್ತಿರಕ್ಕೆಳೆದು, ಗಾಳ ಬಿಡಿಸಿ, ನೀರಿಗೆ ಬಿಡುತ್ತಾರೆ. ಫ್ಲಾರಿಡಾದಲ್ಲಿ 2013ರಿಂದ ಈ ಮೀನನ್ನು ಬಿಡಲೇಬೇಕೆಂಬುದು ಕಾನೂನು.

ನಮ್ಮ ಉಡುಪಿ, ಕುಂದಾಪುರಗಳ ಕಡೆಯ ಅಜ್ಜಿಯೊಬ್ಬರಿಗೆ ಇದನ್ನು ವಿವರಿಸಿದರೆ ಅವರು ಕೇಳುವುದು ಒಂದೇ ಪ್ರಶ್ನೆ: “ಬೇಡದಿದ್ದ ಮೇಲೆ ಹಿಡಿದದ್ದು ಯಾಕೆ ಮಾರಾಯ?” ಅಜ್ಜಿ ಅಹಿಂಸಾವಾದಿಯಲ್ಲ. ಕಾಣೆ ಮೀನಿನ ಹೊಟ್ಟೆ ಸೀಳಿ ಮಸಾಲೆ ಹಚ್ಚುವಾಗ ಅವರ ಕೈ ನಡುಗುವುದಿಲ್ಲ. ಆದರೂ ಅವರ ಪ್ರಶ್ನೆಯಲ್ಲಿ ಒಂದು ನೀತಿಯಿದೆ. ಹೊಟ್ಟೆಗಾಗಿ ಮಾಡಿದ ಹಿಂಸೆಗೆ ಒಂದು ಕಾರಣವುಂಟು, ಆಟಕ್ಕಾಗಿ ಮಾಡಿದ್ದಕ್ಕೆ ಏನು ಕಾರಣ?

ಇದು ಹೊರದೇಶದವರ ಹುಚ್ಚು, ನಮಗೇಕೆ ಎಂದು ತಳ್ಳಿಹಾಕುವಂತೆಯೂ ಇಲ್ಲ. ಭಾರತದಲ್ಲಿ ಗಾಳದ ಆಟವನ್ನು ಕುರಿತ ಹೆಸರುವಾಸಿ ಗ್ರಂಥ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಅಚ್ಚಾದದ್ದು ನಮ್ಮ ಮಂಗಳೂರಿನಲ್ಲೇ. ಅದನ್ನು ಬರೆದ ಹೆನ್ರಿ ಸಲಿವನ್ ಥಾಮಸ್ ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದವರು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ 120 ಪೌಂಡ್ ತೂಕದ ಮಹಶೀರ್ ಮೀನನ್ನು ಹಿಡಿದರು. ಅದು ಇಂದಿಗೂ ದಾಖಲೆಯಾಗಿ ಉಳಿದಿದೆ. ಮುಂದೆ ಕಾವೇರಿಯ ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿಗಳಲ್ಲಿ ಶಿಬಿರಗಳು ಎದ್ದು, ಜಗತ್ತಿನ ನಾನಾ ಮೂಲೆಗಳಿಂದ ಜನ ಬಂದು ಮಹಶೀರನ್ನು ಹಿಡಿದು, ತೂಗಿ, ಚಿತ್ರ ತೆಗೆಸಿಕೊಂಡು, ಬಿಟ್ಟು ಹೋಗುತ್ತಿದ್ದರು. ಆ ಹೊಳೆಯಂಚಿನ ಪ್ರದೇಶ ವನ್ಯಧಾಮವಾದುದರಿಂದ 2012ರ ಸುಮಾರಿಗೆ ಅಲ್ಲಿ ಗಾಳದ ಆಟ ನಿಂತಿತು.

ಮೀನಿಗೆ ನೋವಾಗುತ್ತದೆಯೇ ಎಂಬುದು ಸಹಜವಾಗಿ ಏಳುವ ಪ್ರಶ್ನೆ. ಮೀನು ಕೂಗುವುದಿಲ್ಲ, ಕಣ್ಣೀರು ಸುರಿಸುವುದಿಲ್ಲ. ಆದ್ದರಿಂದ ಅದಕ್ಕೆ ನೋವಿಲ್ಲವೆಂದು ಬಹುಕಾಲ ಹೇಳಿಕೊಂಡು ಬಂದದ್ದುಂಟು. 2003ರಲ್ಲಿ ಬ್ರಿಟನ್ನಿನ ಲಿನ್ ಸ್ನೆಡನ್ ಮತ್ತು ಸಂಗಡಿಗರು ಟ್ರೌಟ್ ಮೀನುಗಳ ತುಟಿಗೆ ಜೇನ್ನೊಣದ ವಿಷವನ್ನೂ ಹುಳಿ ಆಮ್ಲವನ್ನೂ ಚುಚ್ಚಿ ನೋಡಿದರು. ಮೀನುಗಳ ಉಸಿರಾಟ ಏರಿತು. ಅವು ಬಹಳ ಹೊತ್ತು ಆಹಾರ ಮುಟ್ಟಲಿಲ್ಲ. ಆಮ್ಲ ತಾಗಿದವು ತುಟಿಯನ್ನು ತೊಟ್ಟಿಯ ತಳದ ಕಲ್ಲುಗಳಿಗೆ ಉಜ್ಜಿಕೊಂಡವು. ಇದು ನಾವು ಅನುಭವಿಸುವಂಥ ನೋವೇ ಎಂಬ ವಾದ ವಿಜ್ಞಾನಿಗಳಲ್ಲಿ ಇನ್ನೂ ಮುಗಿದಿಲ್ಲ. ಆದರೆ ಸಂಶಯವಿರುವಲ್ಲಿ ಅದರ ಲಾಭ ಯಾರಿಗೆ ಸಲ್ಲಬೇಕು? ಕೈಯಲ್ಲಿ ಗಾಳವಿರುವವನಿಗಿಂತ ಬಾಯಲ್ಲಿ ಗಾಳವಿರುವುದಕ್ಕೇ ಸಲ್ಲಬೇಕಲ್ಲವೇ?

ಸ್ವಿಟ್ಸರ್ಲೆಂಡ್ ಹೀಗೆಯೇ ಯೋಚಿಸಿತು. ಬಿಡುವ ಉದ್ದೇಶದಿಂದಲೇ ಮೀನು ಹಿಡಿಯುವುದನ್ನು ಅಲ್ಲಿ 2009ರಿಂದ ನಿಷೇಧಿಸಲಾಗಿದೆ. ಸಕಾರಣವಿಲ್ಲದೆ ಪ್ರಾಣಿಗೆ ನೋವು ಕೊಡಬಾರದೆಂಬ ಜರ್ಮನಿಯ ಕಾನೂನೂ ಇದೇ ದಿಕ್ಕಿನದು. ಬಿಡಲೇಬೇಕೆಂದು ಫ್ಲಾರಿಡಾ ಹೇಳುತ್ತದೆ, ಬಿಡುವುದಕ್ಕಾಗಿ ಹಿಡಿಯಲೇಬಾರದೆಂದು ಸ್ವಿಟ್ಸರ್ಲೆಂಡ್ ಹೇಳುತ್ತದೆ. ಇಬ್ಬರ ಬಾಯಲ್ಲೂ ಇರುವುದು ಮೀನಿನ ಹಿತದ ಮಾತೇ! ಒಂದು ದೇಶ ನೋಡುವುದು ಮೀನಿನ ಸಂತತಿಯನ್ನು, ಇನ್ನೊಂದು ನೋಡುವುದು ಬಾಯಿ ಹರಿದ ಆ ಒಂದೇ ಮೀನನ್ನು. ಅಜ್ಜಿಯ ಮತ ಯಾವ ಕಡೆಗೆಂದು ಬೇರೆ ಹೇಳಬೇಕಾಗಿಲ್ಲ.

ನಾವಿರುವ ಊರಿನ ಪಕ್ಕದ ಪೈಠಣದ ಸಂತ ಏಕನಾಥರ ಕಥೆಯನ್ನು ಇಲ್ಲಿ ನೆನೆಯಬೇಕು. ರಾಮೇಶ್ವರನ ಅಭಿಷೇಕಕ್ಕೆಂದು ಕಾಶಿಯಿಂದ ಹೊತ್ತು ತಂದ ಗಂಗಾಜಲವನ್ನು ಅವರು ದಾರಿಯಲ್ಲಿ ಬಾಯಾರಿ ಬಿದ್ದಿದ್ದ ಕತ್ತೆಗೆ ಕುಡಿಸಿದರಂತೆ. ಅದು ದಯೆ. ಕತ್ತೆಯ ಬಾಯಾರಿಕೆ ಏಕನಾಥರು ಉಂಟುಮಾಡಿದ್ದಲ್ಲ. ಗಾಳದವನಾದರೋ ತಾನೇ ಕೊಟ್ಟ ನೋವಿನಿಂದ ಮೀನನ್ನು ಬಿಡಿಸುತ್ತಾನೆ. ಸಾಲ ಮಾಡಿದವನು ಅರ್ಧ ಸಾಲ ತೀರಿಸಿ, ತಾನು ದಾನ ಮಾಡಿದೆನೆಂದು ಹೇಳಿಕೊಂಡರೆ ನಾವು ಒಪ್ಪುತ್ತೇವೆಯೇ? ಅರ್ಧ ಎಂದದ್ದೂ ಸುಮ್ಮನೆ ಅಲ್ಲ. ಚಿತ್ರಕ್ಕಾಗಿ ಹೆಚ್ಚು ಹೊತ್ತು ನೀರಿನಿಂದ ಹೊರಗೆ ಹಿಡಿದ ಮೀನು ಬಿಟ್ಟ ಮೇಲೆ ತೋಲ ತಪ್ಪುತ್ತದೆ. ಹತ್ತಿರದಲ್ಲೇ ಸುಳಿಯುವ ಶಾರ್ಕಿಗೆ ಅದು ಸುಲಭದ ತುತ್ತು.

ಆದರೆ ಎದುರು ಪಕ್ಷದ ವಾದವನ್ನು ಕೇಳದೆ ತೀರ್ಪು ಕೊಡುವುದು ನ್ಯಾಯವಲ್ಲ. ಕಾವೇರಿಯಲ್ಲಿ ಸಿಡಿಮದ್ದು ಹಾಕಿ, ಮರಿ ತಾಯಿ ಎನ್ನದೆ ಹೊಳೆಯ ಮಡುವನ್ನೇ ಬರಿದು ಮಾಡುವವರಿದ್ದರು. ಶಿಬಿರಗಳು ಬಂದ ಮೇಲೆ ಕಾವಲು ಬಂತು. ಹಿಂದೆ ಕದ್ದು ಹಿಡಿಯುತ್ತಿದ್ದ ಕೆಲವರು ಮಾರ್ಗದರ್ಶಕರಾಗಿ ಸಂಬಳ ಪಡೆದರು. ಜೀವಂತ ಮೀನಿಗೆ ಸತ್ತ ಮೀನಿಗಿಂತ ಬೆಲೆ ಹೆಚ್ಚಾಯಿತು. ಇನ್ನೊಂದು ಸಂಗತಿಯೂ ಉಂಟು. ಆಟಗಾರರು ತಾವು ಹಿಡಿದ ಪ್ರತಿಯೊಂದು ಮೀನನ್ನೂ ಪುಸ್ತಕದಲ್ಲಿ ಬರೆದಿಡುತ್ತಿದ್ದರು. 1998ರಿಂದ 2012ರವರೆಗಿನ ಆ ಲೆಕ್ಕವನ್ನು ಸಂಶೋಧಕರು ಪರಿಶೀಲಿಸಿದಾಗ, ಹೊರಗೆ ಕಾಣದ ಒಂದು ಅನಾಹುತ ಬೆಳಕಿಗೆ ಬಂತು. ಸಿಕ್ಕ ಮೀನುಗಳ ಒಟ್ಟು ಸಂಖ್ಯೆ ಏರುತ್ತ ಹೋಗಿತ್ತು. ಆದರೆ ಕಾವೇರಿಗೇ ವಿಶಿಷ್ಟವಾದ ಗೂನುಬೆನ್ನಿನ ಮಹಶೀರ್ ಕಣ್ಮರೆಯಾಗುತ್ತಿತ್ತು. ಏರಿದ್ದು ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರ್.

ಈ ನೀಲಿ ರೆಕ್ಕೆಯ ಮೀನು ಬಂದದ್ದು ಎಲ್ಲಿಂದ? ನಮ್ಮ ಮಹಾರಾಷ್ಟ್ರದ ಲೋನಾವಳದಿಂದ. ಅಲ್ಲಿ ಟಾಟಾ ವಿದ್ಯುತ್ ಸಂಸ್ಥೆಯವರು 1970ರ ದಶಕದಿಂದ ಮಹಶೀರ್ ಮರಿಗಳನ್ನು ಬೆಳೆಸಿದರು. ಆ ಮರಿಗಳನ್ನು ಕಾವೇರಿಗೂ ಬಿಡಲಾಯಿತು. ಎಲ್ಲರ ಉದ್ದೇಶವೂ ಒಳ್ಳೆಯದೇ. ಮಹಶೀರ್ ಅಳಿಯುತ್ತಿದೆ, ಉಳಿಸೋಣ ಎಂಬ ಕಳಕಳಿ. ಗೂನುಬೆನ್ನಿನ ಮೀನಿಗೆ ಶಾಸ್ತ್ರೀಯವಾದ ಹೆಸರು ಖಚಿತವಾದದ್ದೇ 2018ರಲ್ಲಿ, ಅದೇ ವರ್ಷ ಅದು ಅತ್ಯಂತ ಅಪಾಯದ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿತು. ಅಣೆಕಟ್ಟು, ಮರಳು ತೆಗೆಯುವುದು, ಕಳ್ಳಬೇಟೆ ಇವುಗಳ ಜೊತೆಗೆ ಈ ಸದುದ್ದೇಶವೂ ಅದರ ಅವನತಿಗೆ ಕಾರಣವಾಯಿತೆಂದು ಸಂಶೋಧಕರು ಭಾವಿಸುತ್ತಾರೆ. ಮನಸ್ಸು ಒಳ್ಳೆಯದಿದ್ದರೆ ಸಾಲದು, ಮಾಡಿದ್ದರ ಲೆಕ್ಕವನ್ನೂ ಇಡಬೇಕೆಂಬ ಪಾಠ ಇದರಲ್ಲಿದೆ. ಆ ಲೆಕ್ಕ ಇಟ್ಟವರು ಗಾಳದವರೇ ಎಂಬುದನ್ನೂ ಮರೆಯುವಂತಿಲ್ಲ.

ಮುಟ್ಟದೆ ನೋಡುವ ಮೂರನೆಯ ದಾರಿಯೊಂದು ನಮ್ಮ ನಾಡಿನಲ್ಲೇ ಇದೆ. ಶೃಂಗೇರಿಯ ತುಂಗೆಯಲ್ಲಿ, ಬೆಳ್ತಂಗಡಿ ತಾಲೂಕಿನ ಶಿಶಿಲದ ಕಪಿಲೆಯಲ್ಲಿ ಮೀನುಗಳನ್ನು ದೇವರ ಮೀನೆಂದು ಯಾರೂ ಹಿಡಿಯುವುದಿಲ್ಲ. ಮಕ್ಕಳು ಅರಳು ಎಸೆದು ಅವು ಮೇಲೇಳುವುದನ್ನು ಕಂಡು ನಲಿಯುತ್ತಾರೆ. ಮೀನಿನ ಚೆಲುವನ್ನು ಕಾಣುವುದಕ್ಕೆ ಗಾಳವೇ ಬೇಕೆಂದೇನಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಆದರೆ ಭಕ್ತಿಯೂ ಒಂಟಿಯಾಗಿ ಕಾಯಲಾರದು. 1996ರಲ್ಲಿ ಯಾರೋ ದುಷ್ಟರು ಶಿಶಿಲದ ಹೊಳೆಗೆ ವಿಷ ಹಾಕಿ ಸಾವಿರಾರು ಮೀನುಗಳನ್ನು ಕೊಂದರು; ಅವುಗಳ ನೆನಪಿಗೆ ಅಲ್ಲಿ ಸ್ಮಾರಕ ಕಟ್ಟಿದ್ದಾರೆ.

ಕಡೆಗೆ ನಮ್ಮ ಮಾತು. ನಮ್ಮಲ್ಲಿ ಮೀನು ತಿನ್ನುವವರೂ ಇದ್ದಾರೆ, ಅದರ ವಾಸನೆಗೇ ಮೂಗು ಮುಚ್ಚಿಕೊಳ್ಳುವವರೂ ಇದ್ದಾರೆ. ಮೂಗು ಮುಚ್ಚಿಕೊಂಡವರ ಕೈ ಶುದ್ಧವೇ? ವಾಳೂಜಿನ ಕಾರ್ಖಾನೆಗಳಿಗೂ ಮನೆಗಳಿಗೂ ನೀರು ಬರುವುದು ಗೋದಾವರಿಗೆ ಕಟ್ಟಿದ ಜಾಯಕವಾಡಿಯ ನಾಥಸಾಗರದಿಂದ. ಅದೂ ಬಹುಮಟ್ಟಿಗೆ ಆಳವಿಲ್ಲದ ಹರವು ನೀರೇ, 1986ರಿಂದ ಪಕ್ಷಿಧಾಮ. ಅಲ್ಲಿ ಬಲೆ ಬೀಸಿ ಬದುಕುವ ಭೋಯಿಗಳಿದ್ದಾರೆ, ಮೀನನ್ನೇ ನಂಬಿದ ಹಕ್ಕಿಗಳಿವೆ. 2016ರ ಬರಗಾಲದಲ್ಲಿ ಈ ನೀರು ಕಾರ್ಖಾನೆಗೆಷ್ಟು, ಕುಡಿಯುವ ಬಾಯಿಗೆಷ್ಟು ಎಂಬ ವ್ಯಾಜ್ಯ ಉಚ್ಚ ನ್ಯಾಯಾಲಯದ ಔರಂಗಾಬಾದ್ ಪೀಠದವರೆಗೂ ಹೋಗಿತ್ತು. ಆ ಪಾಲುಪಟ್ಟಿಯಲ್ಲಿ ಮೀನಿನ ಹೆಸರನ್ನು ಯಾರೂ ಎತ್ತುವುದಿಲ್ಲ. ನಗರದ ಕೊಳೆ ಹೊತ್ತ ಖಾಮ್ ನದಿಯೂ ಕೊನೆಗೆ ಸೇರುವುದು ಆ ಕಡೆಗೇ. ಗಾಳದವನು ತಾನು ನೋಯಿಸಿದ ಮೀನಿನ ಕಣ್ಣನ್ನಾದರೂ ನೋಡಿದ್ದಾನೆ. ನಲ್ಲಿ ತಿರುಗಿಸುವ ನಾವು ಅದನ್ನೂ ನೋಡಿಲ್ಲ.

ಹಾಗೆಂದು ಗಾಳದವನ ತಪ್ಪು ಮಾಫಿಯಾಗುವುದಿಲ್ಲ. ನಾನು ತೂಗಿ ನೋಡಿದಂತೆ ಅಜ್ಜಿಯ ಪ್ರಶ್ನೆಯೇ ಗಟ್ಟಿಯಾದದ್ದು. ಬೇಡದ್ದನ್ನು ಹಿಡಿಯಬಾರದು. ಹಿಡಿದು ಬಿಟ್ಟದ್ದನ್ನು ದಯೆ ಎಂದು ಕರೆಯಬಾರದು, ಅದು ತಾನೇ ಮಾಡಿದ ಗಾಯಕ್ಕೆ ತಾನೇ ಕಟ್ಟಿದ ಪಟ್ಟಿ ಅಷ್ಟೆ. ಆದರೆ ಹೊಳೆಯನ್ನು ಕಾದದ್ದು, ಲೆಕ್ಕ ಬರೆದಿಟ್ಟದ್ದು ಅವನ ಪುಣ್ಯ; ಅದನ್ನು ಗಾಳವಿಲ್ಲದೆಯೂ ಸಂಪಾದಿಸಬಹುದು. ತಿನ್ನುವವನು ಬೇಕಾದಷ್ಟೇ ಹಿಡಿಯಲಿ, ಮರಿಯನ್ನು ಬಿಡಲಿ. ತಿನ್ನದವನು ತಾನು ಕುಡಿಯುವ ನೀರಿನಲ್ಲಿ ಯಾರು ಯಾರು ಬದುಕುತ್ತಾರೆಂದು ತಿಳಿಯಲಿ. ಸಂಘದ ಮುಂದಿನ ಪ್ರವಾಸ ಪೈಠಣಕ್ಕೆ ಹೊರಟರೆ, ದೇವರ ದರ್ಶನವಾದ ಮೇಲೆ ಒಂದು ಗಳಿಗೆ ಮಕ್ಕಳನ್ನು ನಾಥಸಾಗರದ ದಂಡೆಗೆ ಕರೆದೊಯ್ದು, ಭೋಯಿಗಳ ದೋಣಿಯನ್ನೂ ಹಕ್ಕಿಗಳ ಹಿಂಡನ್ನೂ ತೋರಿಸಿ, “ನಮ್ಮ ಮನೆಯ ನಲ್ಲಿಯ ನೀರು ಇದೇ” ಎಂದು ಹೇಳಿದರೆ ಒಳ್ಳೆಯದು. ನೀರಿನೊಳಗಿನವರೂ ನಮ್ಮ ನೆರೆಯವರೆಂಬುದು ಅವರಿಗೆ ಈಗಲೇ ತಿಳಿಯಲಿ.