ಲೆವೆಲ್ ದಾಟಬೇಕಾದವರು ಯಾರು?

ಆಟ ಅಂದ್ರೆ ಏನು? ನನ್ನ ಮಟ್ಟಿಗೆ ಉತ್ತರ ಸರಳ. ಬೇಜಾರಾದ ತಕ್ಷಣ ಬಿಟ್ಟು ಎದ್ದು ಹೋಗಬಹುದಾದದ್ದು ಆಟ. ಎದ್ದು ಹೋಗೋಕೆ ಆಗದಿದ್ದರೆ ಅದು ಕೆಲಸ, ಇಲ್ಲಾ ಶಿಕ್ಷೆ, ಇಲ್ಲಾ ಚಟ. ಆನವಟ್ಟಿಯ ನಮ್ಮ ಜಗಲಿ ಮೇಲೆ ಚೌಕಾಬಾರ ಆಡುವಾಗ, ಸೋಲೋದು ಗ್ಯಾರಂಟಿ ಅನ್ನಿಸಿದ ಕೂಡಲೇ "ನಂಗೆ ಹಸಿವು" ಅಂತ ಎದ್ದು ಹೋಗೋ ಹಕ್ಕು ಎಲ್ಲರಿಗೂ ಇತ್ತು. ಉಳಿದವರು ಬೈಯ್ಯುತ್ತಿದ್ದರು, ಆದರೆ ಹಿಡಿದು ಕೂರಿಸುತ್ತಿರಲಿಲ್ಲ.

ಹಾಗಾದರೆ ಆಟಿಸಂ ಇರುವ ಮಗುವಿನ ಗಮನ, ನೆನಪು, ಯೋಚಿಸಿ ಮಾಡುವ ಶಕ್ತಿ ಬೆಳೆಯಲಿ ಅಂತಲೇ ತಯಾರಿಸಿದ ಕಂಪ್ಯೂಟರ್ ಗೇಮ್ ಇದೆಯಲ್ಲ, ಅದು ಆಟವಾ, ಪಾಠವಾ, ಔಷಧಿಯಾ? ಮಾತ್ರೆಗೆ ಬೆಲ್ಲ ಸುತ್ತಿ ಕೊಡೋದು ನಮಗೇನೂ ಹೊಸದಲ್ಲ. ಆದರೆ ಬೆಲ್ಲದೊಳಗೆ ಏನಿದೆ, ಅದರಿಂದ ವಾಸಿಯಾಗಬೇಕಾದದ್ದು ಯಾರಿಗೆ, ಅನ್ನೋದು ಕೊಡುವವರಿಗಾದರೂ ಗೊತ್ತಿರಬೇಕು.

ಈ ಪ್ರಶ್ನೆ ನನ್ನ ಮುಂದೆ ಬಂದಿದ್ದು ಎಂಟು ಸಾವಿರ ರೂಪಾಯಿಯ ರೂಪದಲ್ಲಿ. ನಮ್ಮ ದೊಡ್ಡಪ್ಪನ ಮಗಳು ಊರಲ್ಲೇ ಇದ್ದಾಳೆ, ಮನೆಯಲ್ಲಿ ಟೈಲರಿಂಗ್ ಮಾಡುತ್ತಾಳೆ. ಅವಳ ಏಳು ವರ್ಷದ ಮಗನಿಗೆ ಆಟಿಸಂ. ದೀಪಾವಳಿಗೆ ಹೋದಾಗ ಕೇಳಿದಳು: "ತಮ್ಮಾ, ನೀನು ಇದೇ ಲೈನಲ್ಲಿ ಇದ್ದೀಯಲ್ಲ. ಬುದ್ಧಿ ಚುರುಕಾಗೋ ಗೇಮ್ ಅಂತೆ, ವರ್ಷಕ್ಕೆ ಎಂಟು ಸಾವಿರ. ಕಟ್ಟಲೇನೋ?"

"ಮಕ್ಕಳಿಗೆ ಸ್ಕ್ರೀನ್ ಕೊಡಲೇಬಾರದು" ಅಂತ ಬೆಂಗಳೂರಲ್ಲಿ ಕೂತು ಹೇಳೋದು ಸುಲಭ. ಇಲ್ಲಿ ನಿಮ್ಹಾನ್ಸ್ ಇದೆ, ಎರಡು ಕ್ರಾಸ್ ಆಚೆ ಖಾಸಗಿ ಥೆರಪಿಸ್ಟ್ ಇದ್ದಾರೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೆ. ಆದರೆ ಅಕ್ಕನಿಗೆ ಥೆರಪಿ ಅಂದ್ರೆ ಶಿರಾಳಕೊಪ್ಪ, ಶಿಕಾರಿಪುರ ದಾಟಿ ಶಿವಮೊಗ್ಗಕ್ಕೆ ಬಸ್ಸು. ಮುಕ್ಕಾಲು ಗಂಟೆ ಥೆರಪಿಗೆ ಇಡೀ ಒಂದು ದಿನ, ಒಂದು ದಿನದ ಹೊಲಿಗೆಯ ದುಡ್ಡು. ಉಳಿದ ದಿನಗಳಲ್ಲಿ ಅವಳಿಗೆ ಸಿಗೋ ಸಹಾಯ ಅಂದ್ರೆ ಕೈಯಲ್ಲಿರೋ ಮೊಬೈಲ್ ಅಷ್ಟೇ. ಅದನ್ನೂ ಕೆಳಗಿಡು ಅನ್ನೋಕೆ ನನಗೆ ಯಾವ ಯೋಗ್ಯತೆ?

ಜೊತೆಗೆ, ಈ ಮಕ್ಕಳಲ್ಲಿ ಎಷ್ಟೋ ಜನರಿಗೆ ಕಂಪ್ಯೂಟರ್ ನಿಜವಾಗಲೂ ಹಿತ. 1943ರಲ್ಲಿ ಲಿಯೋ ಕ್ಯಾನರ್ 11 ಮಕ್ಕಳ ಬಗ್ಗೆ ಬರೆದ ಪ್ರಸಿದ್ಧ ಲೇಖನದಲ್ಲೇ, ಎಲ್ಲವೂ ಇದ್ದ ಹಾಗೇ ಇರಬೇಕು ಅನ್ನುವ ಅವರ ಹಂಬಲವನ್ನು ಗುರುತಿಸಿದ್ದರು. ಮನುಷ್ಯರು ಹಾಗಿರಲ್ಲ. ಬೆಳಿಗ್ಗೆ ನಕ್ಕ ಮಾವ ಸಂಜೆ ಗದರುತ್ತಾನೆ. ಕಂಪ್ಯೂಟರ್ ಹಾಗಲ್ಲ, ಇದೇ ಬಟನ್ ಒತ್ತಿದರೆ ಇದೇ ಸದ್ದು. ತಪ್ಪು ಮಾಡಿದರೆ ಮುಖ ಗಂಟಿಕ್ಕಲ್ಲ, ನೂರನೇ ಸಲ ಕೇಳಿದರೂ ಅದೇ ದನಿಯಲ್ಲಿ ಉತ್ತರ ಕೊಡುತ್ತೆ.

ನನಗೆ ಭಯ ಶುರುವಾಗೋದೂ ಇಲ್ಲೇ. ಒಬ್ಬ ಬಳಕೆದಾರ ಮತ್ತೆ ಮತ್ತೆ ವಾಪಸ್ ಬರೋದನ್ನ ನಮ್ಮ ಆಫೀಸ್ ಭಾಷೆಯಲ್ಲಿ ರಿಟೆನ್ಷನ್ ಅಂತೀವಿ. ಅದನ್ನ ಏರಿಸೋಕೆ ಬಣ್ಣ, ಸದ್ದು, ನಕ್ಷತ್ರ, ದಿನದ ಬಹುಮಾನ ಎಲ್ಲಾ ಇಡ್ತೀವಿ. ಒಂದೇ ಲೆವೆಲ್ಲನ್ನು ಇನ್ನೂರು ಸಲ ಆಡುವ ಮಗು ನಮ್ಮ ಡ್ಯಾಶ್‌ಬೋರ್ಡಿನಲ್ಲಿ ಆದರ್ಶ ಗ್ರಾಹಕ. ಅವನು ಕಲೀತಿದ್ದಾನಾ, ಖುಷಿಯಾಗಿದ್ದಾನಾ, ಇಲ್ಲಾ ಬಿಡಿಸಿಕೊಳ್ಳೋಕೆ ಆಗದೆ ಸಿಕ್ಕಿಹಾಕಿಕೊಂಡಿದ್ದಾನಾ ಅಂತ ಆ ಗ್ರಾಫ್ ಹೇಳಲ್ಲ. ಮೂರಕ್ಕೂ ಗೆರೆ ಮೇಲಕ್ಕೇ ಹೋಗುತ್ತೆ. ಅಂದ್ರೆ ಯಾವ ಗುಣದಿಂದಾಗಿ ಕಂಪ್ಯೂಟರ್ ಈ ಮಗುವಿಗೆ ನೆರವಾಗುತ್ತೋ, ಅದೇ ಗುಣ ಅವನನ್ನು ವ್ಯಾಪಾರಕ್ಕೆ ಸುಲಭದ ತುತ್ತಾಗಿಯೂ ಮಾಡುತ್ತೆ.

ಇನ್ನು "ಬುದ್ಧಿ ಚುರುಕಾಗುತ್ತೆ" ಅನ್ನೋ ಮಾತು. ಒಂದು ಕಡೆ ಕಲಿತದ್ದು ಇನ್ನೊಂದು ಕಡೆ ದಾಟಿ ಬರುತ್ತಾ ಅನ್ನೋದು ಮನಃಶಾಸ್ತ್ರದ ಹಳೇ ಪ್ರಶ್ನೆ. 1901ರಲ್ಲೇ ಥಾರ್ನ್‌ಡೈಕ್ ಮತ್ತು ವುಡ್‌ವರ್ತ್ ಇದನ್ನ ಪರೀಕ್ಷೆ ಮಾಡಿದ್ದರು. ಒಂದು ಬಗೆಯ ಆಕಾರಗಳ ಅಳತೆ ಅಂದಾಜು ಮಾಡೋಕೆ ಕಲಿತವರು, ಬೇರೆ ಆಕಾರ ಕೊಟ್ಟಾಗ ಅಷ್ಟು ಚೆನ್ನಾಗಿ ಮಾಡಲಿಲ್ಲ. ಮೆದುಳಿಗೆ ತರಬೇತಿ ಕೊಡುವ ಗೇಮ್‌ಗಳ ಬಗ್ಗೆ ಡೇನಿಯಲ್ ಸೈಮನ್ಸ್ ಮತ್ತು ಸಂಗಡಿಗರು 2016ರಲ್ಲಿ ಮಾಡಿದ ದೊಡ್ಡ ಪರಿಶೀಲನೆಯೂ ಹೆಚ್ಚುಕಮ್ಮಿ ಇದನ್ನೇ ಹೇಳಿತು: ಆಡಿದ ಆಟದಲ್ಲಿ ಜನ ಚುರುಕಾಗುತ್ತಾರೆ, ದಿನನಿತ್ಯದ ಬದುಕಿನಲ್ಲಿ ಚುರುಕಾಗುತ್ತಾರೆ ಅನ್ನೋದಕ್ಕೆ ಆಧಾರ ಕಮ್ಮಿ. ಅದೇ ವರ್ಷ ಅಮೆರಿಕದಲ್ಲಿ ಲುಮೋಸಿಟಿ ಗೇಮಿನ ಕಂಪನಿ, ಜಾಹೀರಾತಿನಲ್ಲಿ ದಾರಿ ತಪ್ಪಿಸಿದ ಆರೋಪದ ಮೇಲೆ 20 ಲಕ್ಷ ಡಾಲರ್ ಕಟ್ಟಿ ಪ್ರಕರಣ ಮುಗಿಸಿಕೊಂಡಿತು. 2020ರಲ್ಲಿ ಎಂಡೆವರ್‌ಆರ್‌ಎಕ್ಸ್ ಅನ್ನೋ ವಿಡಿಯೋ ಗೇಮನ್ನು ವೈದ್ಯರು ಚೀಟಿ ಬರೆದು ಕೊಡಬಹುದು ಅಂತ ಅಮೆರಿಕದ ಎಫ್‌ಡಿಎ ಒಪ್ಪಿಗೆ ಕೊಟ್ಟಿದ್ದು ನಿಜ. ಆದರೆ ಅದು ಎಡಿಎಚ್‌ಡಿ ಇರುವ ಮಕ್ಕಳಿಗೆ, ಉಳಿದ ಚಿಕಿತ್ಸೆಯ ಜೊತೆಗೆ. ಆಟಿಸಂಗೆ ಅಲ್ಲ.

ಆಟಿಸಂ ಇರುವ ಮಕ್ಕಳ ಮೇಲೆ ನಡೆದ ಗೇಮ್ ಪ್ರಯೋಗಗಳಲ್ಲಿ ಬಹುಪಾಲು ಚಿಕ್ಕವು. ಸ್ಕ್ರೀನಿನ ಮೇಲೆ ಟೊಮೆಟೊವನ್ನು ಟೊಮೆಟೊ ಬುಟ್ಟಿಗೆ ಎಳೆದು ಹಾಕೋದು ಹುಡುಗನಿಗೆ ಬೇಗ ಬರುತ್ತೆ. ಆದರೆ ಊರಿನ ಸಂತೆಯಲ್ಲಿ ಬುಟ್ಟಿಯ ಜೊತೆ ಮೈಕು, ಒಣಮೀನಿನ ವಾಸನೆ, ನೂಕುನುಗ್ಗಲು, "ಯಾರ ಮಗ ಇವನು?" ಅಂತ ಗಲ್ಲ ಹಿಡಿಯೋ ಅಜ್ಜಿ, ಎಲ್ಲಾ ಇರುತ್ತೆ.

ಇದಕ್ಕಿಂತ ಆಳದ ಪ್ರಶ್ನೆ ಇನ್ನೊಂದಿದೆ. ಬದಲಾಗಬೇಕಾದವನು ಹುಡುಗ ಒಬ್ಬನೇನಾ? ಸ್ವತಃ ಆಟಿಸಂ ಇರುವ ಬ್ರಿಟಿಷ್ ವಿದ್ವಾಂಸ ಡೇಮಿಯನ್ ಮಿಲ್ಟನ್ 2012ರಲ್ಲಿ ಒಂದು ಮಾತು ಹೇಳಿದರು. ಆಟಿಸಂ ಇರುವವರಿಗೆ ನಾವು ಅರ್ಥವಾಗಲ್ಲ ಅಂತ ದೂರುತ್ತೇವೆ, ಆದರೆ ನಮಗೂ ಅವರು ಅರ್ಥವಾಗಲ್ಲ, ಕೊರತೆ ಎರಡೂ ಕಡೆಯದು. ಬಸ್ಸಿನ ಹಾರ್ನ್ ಕೇಳಿದರೆ ನಮ್ಮ ಹುಡುಗ ಕಿವಿ ಮುಚ್ಚಿಕೊಂಡು ಕಿರುಚುತ್ತಾನೆ. ಅವನು ಸಹಿಸಿಕೊಳ್ಳೋದನ್ನ ಕಲಿಯಲಿ ಅಂತ ಎಲ್ಲರೂ ಹೇಳುತ್ತಾರೆ. ನಿಲ್ದಾಣದಲ್ಲಿ ನಿಂತ ಬಸ್ಸಿಗೆ ಅಷ್ಟು ಹಾರ್ನ್ ಯಾಕೆ ಅಂತ ಯಾರೂ ಕೇಳಲ್ಲ.

ಹಾಗಾಗಿ ಯಾವ ಗೇಮ್ ನೋಡಿದರೂ ನಾನು ಮೊದಲು ಕೇಳೋದು ಇದು: ಇದರಲ್ಲಿ ಕಲಿಸೋ ವಿದ್ಯೆ ಮಗುವಿಗೆ ಬೇಕಾದದ್ದೋ, ನಮ್ಮ ಸಮಾಧಾನಕ್ಕೆ ಬೇಕಾದದ್ದೋ? ನೀರು ಬೇಕು ಅನ್ನೋದು, ಸಾಕು ಅನ್ನೋದು, ಮುಂದೆ ಏನಾಗುತ್ತೆ ಅಂತ ಊಹಿಸೋದು, ಸರದಿ ಕಾಯೋದು, ಇವೆಲ್ಲ ಅವನಿಗೇ ದಕ್ಕೋ ವಿದ್ಯೆಗಳು. ಕಣ್ಣಲ್ಲಿ ಕಣ್ಣಿಟ್ಟು ನೋಡಿದರೆ ಒಂದು ನಕ್ಷತ್ರ, ಕೈ ಅಲ್ಲಾಡಿಸದೆ ಕೂತರೆ ಎರಡು ನಕ್ಷತ್ರ, ಇವು ನೆಂಟರ ಮುಂದೆ ನಮಗೆ ಮುಜುಗರ ಆಗದಿರಲಿ ಅಂತ ಮಾಡಿದವು. ಎರಡನ್ನೂ "ಕೌಶಲ್ಯ" ಅಂತ ಒಂದೇ ಹೆಸರಲ್ಲಿ ಮಾರುತ್ತಾರೆ.

ಗೇಮ್ ಅಂದ್ರೆ ತರಬೇತಿಯೇ ಆಗಬೇಕು ಅಂತೇನೂ ಇಲ್ಲ. ಕೆನಡಾದ ಸ್ಟುವರ್ಟ್ ಡಂಕನ್ 2013ರಲ್ಲಿ ಆಟ್‌ಕ್ರಾಫ್ಟ್ ಶುರುಮಾಡಿದರು. ಮೈನ್‌ಕ್ರಾಫ್ಟ್ ಆಡೋಕೆ ಹೋದ ಆಟಿಸಂ ಮಕ್ಕಳನ್ನು ಉಳಿದವರು ಗೇಲಿ ಮಾಡಿ ಓಡಿಸುತ್ತಿದ್ದರು. ಇವರು ಹೊಸ ಗೇಮನ್ನೇನೂ ಮಾಡಲಿಲ್ಲ, ಅದೇ ಗೇಮನ್ನು ಗೇಲಿಯಿಲ್ಲದೆ ಆಡೋಕೆ ಒಂದು ಜಾಗ ಮಾಡಿಕೊಟ್ಟರು. ಮಕ್ಕಳು ಅಲ್ಲಿ ಮನೆ ಕಟ್ಟಿದರು, ಗೆಳೆಯರನ್ನು ಮಾಡಿಕೊಂಡರು. ಚಿಕಿತ್ಸೆ ಅಂತ ಯಾರೂ ಹೆಸರಿಡದ ಆ ಜಾಗದಲ್ಲೂ ಕಲಿಕೆ ನಡೆಯುತ್ತೆ.

ಅಕ್ಕನಿಗೆ ನಾನು ಹೇಳಿದ್ದು ಇಷ್ಟು: ಎಂಟು ಸಾವಿರ ಕಟ್ಟಬೇಡ. ಅವನಿಗೆ ಇಷ್ಟವಾದ ಜಾಹೀರಾತಿಲ್ಲದ ಗೇಮ್ ಒಂದಿದ್ದರೆ ಅರ್ಧ ಗಂಟೆ ಆಡಲಿ, ಪಕ್ಕದಲ್ಲಿ ನೀನೂ ಕೂರು, ಒಂದು ಸರದಿ ಅವನದು, ಒಂದು ಸರದಿ ನಿನ್ನದು. ಆಮೇಲೆ ಅದೇ ಆಟವನ್ನು ಮೊಬೈಲಿಂದ ಇಳಿಸಿ ಚಾಪೆ ಮೇಲೆ ಆಡಿ. ಅವನು ಆಗ ಬಣ್ಣ ಜೋಡಿಸುವ ಗೇಮ್ ಆಡುತ್ತಿದ್ದ. ಅಕ್ಕ ತನ್ನ ಗುಂಡಿಯ ಡಬ್ಬಿ ಸುರಿದಳು. ಹುಡುಗ ಬಣ್ಣ ನೋಡಲೇ ಇಲ್ಲ. ಎರಡು ತೂತಿನ ಗುಂಡಿಗಳನ್ನು ಒಂದು ಕಡೆ, ನಾಲ್ಕು ತೂತಿನವನ್ನು ಇನ್ನೊಂದು ಕಡೆ ಇಟ್ಟ. ಮೊಬೈಲಾಗಿದ್ದರೆ ಕೆಂಪು ಗುರುತು ಹಾಕಿ ಮತ್ತೆ ಪ್ರಯತ್ನಿಸು ಅಂತಿತ್ತು. ಅಕ್ಕ ಮಾತ್ರ "ಹೌದಲ್ಲೋ, ನಂಗೆ ಬೇಕಾಗಿದ್ದೂ ಹಿಂಗೇ" ಅಂದಳು. ಗೇಮಿಗೆ ಗೊತ್ತಿರೋದು ಅದನ್ನ ಬರೆದವನಿಗೆ ಗೊತ್ತಿದ್ದ ಉತ್ತರ ಒಂದೇ. ಮಗುವಿನ ಉತ್ತರವನ್ನು ಗುರುತಿಸೋಕೆ ಪಕ್ಕದಲ್ಲಿ ಒಬ್ಬ ಮನುಷ್ಯ ಇರಬೇಕು.

ಇಷ್ಟರಿಂದ ಸರ್ಕಾರದ ಜವಾಬ್ದಾರಿ ತೀರಲ್ಲ. 1995ರ ಅಂಗವಿಕಲರ ಕಾಯ್ದೆಯಲ್ಲಿ 7 ವೈಕಲ್ಯಗಳಿದ್ದವು, ಆಟಿಸಂ ಇರಲಿಲ್ಲ. 2016ರ ಕಾಯ್ದೆಯಲ್ಲಿ 21 ಇವೆ, ಆಟಿಸಂ ಇದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿ, ಶಾಲೆಗಳಿಗೇ ಬಂದು ಮಕ್ಕಳ ತಪಾಸಣೆ ಮಾಡಬೇಕು, ಮುಂದಿನ ಆರೈಕೆಗೆ ಜಿಲ್ಲಾ ಮಟ್ಟದ ಕೇಂದ್ರ ಇರಬೇಕು. ಆದರೆ ಜಿಲ್ಲೆಯಿಂದ ಆನವಟ್ಟಿಗೆ ಇರೋ ದೂರ ಕಾಯ್ದೆಯಿಂದ ಕಮ್ಮಿಯಾಗಲ್ಲ. "ಆ್ಯಪ್ ಇದೆಯಲ್ಲ" ಅನ್ನೋದು ತಾಲ್ಲೂಕಿಗೆ ಥೆರಪಿಸ್ಟ್ ಕೊಡದಿರೋಕೆ ನೆಪ ಆಗಬಾರದು.

ಇದನ್ನು ಓದುತ್ತಿರುವ ನಿಮ್ಮಲ್ಲಿ ಅನೇಕರು ನನ್ನ ಹಾಗೆ ಕೋಡ್ ಬರೆಯುವವರು. ನಾಳೆ ಇಂಥ ಗೇಮ್ ಮಾಡೋ ಅವಕಾಶ ಬಂದರೆ ಮಾಡಿ, ಬೇಡ ಅನ್ನಬೇಡಿ. ಆದರೆ ನಿಲ್ಲಿಸೋ ಬಟನ್ ಅನ್ನು ಎಲ್ಲಕ್ಕಿಂತ ದೊಡ್ಡದಾಗಿ ಇಡಿ. ಮನೆಯಲ್ಲಿ ಆಡೋ ಕನ್ನಡದಲ್ಲಿ ಮಾತಾಡಿಸಿ. ಸದ್ದು, ಮಿಂಚು ಕಮ್ಮಿ ಮಾಡೋ ಅಧಿಕಾರ ಮಗುವಿಗೆ ಕೊಡಿ. ತಾಯಿಗೆ ಸ್ಕೋರ್ ಕಳಿಸೋ ಬದಲು, ಇವತ್ತು ಅಡುಗೆಮನೆಯಲ್ಲಿ ಇಬ್ಬರೂ ಸೇರಿ ಮಾಡಬಹುದಾದ ಒಂದು ಕೆಲಸ ಕಳಿಸಿ. ಟೀಮಿನಲ್ಲಿ ಆಟಿಸಂ ಇರುವ ದೊಡ್ಡವರೊಬ್ಬರಿಗೆ ಸಂಬಳ ಕೊಟ್ಟು ಜಾಗ ಕೊಡಿ, ಅವರು ಬೇಡ ಅಂದ ಫೀಚರ್ ತೆಗೆದುಹಾಕಿ. ರಿಟೆನ್ಷನ್ ಬೀಳಬಹುದು. ಮಗು ಮೊಬೈಲ್ ಬಿಟ್ಟು ಎದ್ದು ಹೋಗಬಹುದು. ಹಾಗೆ ಎದ್ದು ಹೋದ ದಿನ ಡ್ಯಾಶ್‌ಬೋರ್ಡ್ ನೋಡಿ ಮ್ಯಾನೇಜರ್ ಕಾರಣ ಕೇಳಿದರೆ, ಅವನು ಆಟ ಆಡುತ್ತಿದ್ದ, ಮುಗೀತು, ಅಂತ ಹೇಳೋಕೆ ತಯಾರಾಗಿರಿ.