ವಿಸಿಟ್ ವೀಸಾದಲ್ಲಿ ದುಡಿದ ಹಣ

ದುಬೈ ಹೋಟೆಲಿನಲ್ಲಿ ಕೆಲಸ ಕೊಡಿಸುತ್ತೇನೆಂದ ಏಜೆಂಟ್ ಹುಡುಗನ ಕೈಗೆ ವಿಸಿಟ್ ವೀಸಾ ಕೊಡುತ್ತಾನೆ. ವಿಮಾನ ನಿಲ್ದಾಣದಲ್ಲಿ ಕೇಳಿದರೆ ಊರು ನೋಡಲು ಬಂದಿದ್ದೇನೆ ಎನ್ನು ಎಂದು ಹೇಳಿಕೊಡುತ್ತಾನೆ. ಮನೆಯವರೂ ತಲೆಯಾಡಿಸುತ್ತಾರೆ. ಹೀಗೆ ಸುಳ್ಳು ಹೇಳಿ ಒಳಹೊಕ್ಕವನು ಬೆವರು ಸುರಿಸಿ ಕಳಿಸುವ ಹಣ ಹಲಾಲೇ, ಹರಾಮೇ?

ಸಂಡೂರಿನಂಥ ಊರಿನಲ್ಲಿ ಇದು ಬರೀ ಕಿತಾಬಿನ ಪ್ರಶ್ನೆಯಲ್ಲ. 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆದಾಗ ಅದಿರು ಲಾರಿಗಳನ್ನು ನಂಬಿದ್ದ ಡ್ರೈವರು, ಕ್ಲೀನರು, ಗ್ಯಾರೇಜಿನವರೆಲ್ಲ ಬರಿಗೈಯಾದರು. ಅದೇ ತಿಂಗಳು ಪಕ್ಕದ ಹಂಪಿ ಬಜಾರಿನಲ್ಲಿ ಅಂಗಡಿ, ಮನೆಗಳು ನೆಲಕ್ಕುರುಳಿದವು. 2020ರಲ್ಲಿ ವಿರೂಪಾಪುರ ಗಡ್ಡೆಯ ರೆಸಾರ್ಟುಗಳ ಸರದಿ. ಪರಂಪರೆ ಉಳಿಯಬೇಕು, ಕಾನೂನು ನಡೆಯಬೇಕು, ಒಪ್ಪೋಣ. ಆದರೆ ಅತಿಥಿಗೆ ತಟ್ಟೆ ಇಟ್ಟು, ಹಾಸಿಗೆ ಹಾಸಿ ಬದುಕಲು ಕಲಿತವನು ಆ ಕೆಲಸ ಇರುವ ಊರನ್ನು ಹುಡುಕಿಕೊಂಡು ಹೋಗದೆ ಏನು ಮಾಡಬೇಕು?

ಎಮಿರೇಟ್ಸ್‌ನಲ್ಲಿ 2022ರಿಂದ ಕೆಲಸ ಹುಡುಕಲೆಂದೇ ಒಂದು ವೀಸಾ ಇದೆ. ಅದು ಪದವೀಧರರಿಗೆ, ಹೆಚ್ಚು ಕುಶಲರಾದವರಿಗೆ, ತಟ್ಟೆ ಇಡುವವನಿಗಲ್ಲ. ಅವನು ಊರಿನಲ್ಲಿದ್ದುಕೊಂಡೇ ಕೆಲಸದ ಕರಾರು ಪಡೆದು ಹೋಗಬೇಕು. ಅಲ್ಲಿನ ಕಾನೂನು ನೇಮಕಾತಿಯ ಖರ್ಚನ್ನು ಮಾಲೀಕನ ಮೇಲೆ ಹೊರಿಸುತ್ತದೆ. ನಮ್ಮಲ್ಲಿ ನೋಂದಾಯಿತ ಏಜೆಂಟ್ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಹೆಚ್ಚು ಶುಲ್ಕ ತೆಗೆದುಕೊಳ್ಳುವಂತಿಲ್ಲ. ವಿಸಿಟ್ ವೀಸಾದ ದಾರಿ ಈ ಎಲ್ಲ ಕಾವಲನ್ನೂ ತಪ್ಪಿಸಿಕೊಂಡು ಸಾಗುತ್ತದೆ. ಪರವಾನಗಿ ಇಲ್ಲದವನನ್ನು ದುಡಿಸಿಕೊಂಡ ಮಾಲೀಕನಿಗೆ 2024ರಿಂದ ಅಲ್ಲಿ ಒಂದು ಲಕ್ಷದಿಂದ ಹತ್ತು ಲಕ್ಷ ದಿರ್ಹಮ್ ದಂಡವಿದೆ. ಆದರೂ ಸಂಬಳ ಸಿಗದ ಹುಡುಗ ದೂರು ಕೊಡಲು ಹೆದರುತ್ತಾನೆ. ಏಕೆಂದರೆ ದೂರಿನ ಮೊದಲ ಸಾಲೇ ಅವನ ತಪ್ಪೊಪ್ಪಿಗೆ.

'ಅಮಾನ್' ಪಡೆದು ಅನ್ಯರ ನಾಡನ್ನು ಹೊಕ್ಕವನು ಕೊಟ್ಟ ಮಾತಿಗೆ ದ್ರೋಹ ಮಾಡಬಾರದೆಂದು ಹಿಂದಿನ ಫಿಕ್ಹ್ ಪಂಡಿತರು ಹೇಳಿದ್ದರು. ವೀಸಾ ಕೂಡ ಅಂಥದ್ದೇ ಕರಾರು. ಆದ್ದರಿಂದ ಸುಳ್ಳು ಸುಳ್ಳೇ, ಹಸಿವು ಅದನ್ನು ಸತ್ಯ ಮಾಡುವುದಿಲ್ಲ. ಆದರೆ ಪಾತ್ರೆ ತೊಳೆದ ಕೈಯ ದುಡಿಮೆ ಸುಳ್ಳಲ್ಲ, ಅದರ ಕೂಲಿ ಅವನ ಹಕ್ಕು ಎಂದೇ ನನ್ನ ತಿಳುವಳಿಕೆ. ದುಡಿಸಿಕೊಂಡು ಕೂಲಿ ಕೊಡದವನ ವಿರುದ್ಧ ಅಲ್ಲಾಹನೇ ವಾದಿಯಾಗುವನೆಂದು ಪ್ರವಾದಿ(ಸ) ಎಚ್ಚರಿಸಿದ್ದಾರೆ. ಹುಡುಗನಿಗೆ ಹರಾಮಿನ ಪಾಠ ಹೇಳುವ ನಾವು ಏಜೆಂಟನಿಗೆ ಮದುವೆ ಮನೆಯಲ್ಲಿ ಮುಂದಿನ ಕುರ್ಚಿ ಹಾಕುತ್ತೇವೆ. ಇನ್ನೊಂದು ಮಾತು. ಭಾರತದ ಪ್ರವಾಸಿ ವೀಸಾದಲ್ಲೂ ದುಡಿಮೆಗೆ ಅನುಮತಿಯಿಲ್ಲ. ಆದರೂ ಹಂಪಿಯಲ್ಲಿ ಯಾರಾದರೂ ಬಿಳಿಯ ಗಿಟಾರು ಕಲಿಸಿ ನಾಲ್ಕು ಕಾಸು ಪಡೆದರೆ ಅವನನ್ನು ಅಕ್ರಮಿ ಎನ್ನಲು ನಮಗೆ ನಾಲಿಗೆ ಬರುವುದಿಲ್ಲ.

ಹೊರಗಿನವನನ್ನು ಕೆಲಸಕ್ಕಿಟ್ಟುಕೊಳ್ಳುವ ರೀತಿಗೆ ಹಂಪಿಯಲ್ಲೇ ಒಂದು ಹಳೆಯ ಸಾಕ್ಷಿಯಿದೆ. ಎರಡನೇ ದೇವರಾಯ ಮುಸ್ಲಿಂ ಬಿಲ್ಲಾಳುಗಳನ್ನು ಸೈನ್ಯಕ್ಕೆ ಸೇರಿಸಿಕೊಂಡ. ಅವನ ಅಧಿಕಾರಿ ಅಹಮದ್ ಖಾನ್ 1439ರಲ್ಲಿ ಮಸೀದಿಯನ್ನೂ ಬಾವಿಯನ್ನೂ ಕಟ್ಟಿಸಿ ಪುಣ್ಯ ರಾಜನಿಗೆ ಸಲ್ಲಲೆಂದ. ಶಾಸನ ಆ ಮಸೀದಿಯನ್ನು ಧರ್ಮಸಾಲೆ ಎನ್ನುತ್ತದೆ. ರಾಜನದು ದಾನಬುದ್ಧಿಯೇನಲ್ಲ, ಅವನಿಗೆ ಬಿಲ್ಲಾಳುಗಳು ಬೇಕಿದ್ದರು. ಆದರೆ ದುಡಿಯಲು ಬಂದವನಿಗೆ ನಿಲ್ಲಲು ಜಾಗ, ನಮಾಜಿಗೆ ನೆಲ, ಹೆಸರು ಕೆತ್ತಿಸಲು ಕಲ್ಲು ಸಿಕ್ಕಿತು. ಇಂದಿನ ಹೋಟೆಲಿಗೂ ಕೈಗಳು ಬೇಕು, ಆ ಕೈಗಳ ಹೆಸರು ಮಾತ್ರ ಬೇಡ.

ನಮ್ಮ ಜಮಾಅತುಗಳು ಹಜ್ಜಿನ ಅರ್ಜಿ ತುಂಬಿಕೊಡುತ್ತವೆ. ಏಜೆಂಟನ ನೋಂದಣಿ ಸಂಖ್ಯೆಯನ್ನೂ ಸರಕಾರದ ಇ-ಮೈಗ್ರೇಟ್ ತಾಣದಲ್ಲಿ ನೋಡಿ ಹೇಳಲಿ, ಹುಡುಗನ ತಾಯಿ ಬಳೆ ಅಡವಿಡುವ ಮುಂಚೆ.